ಹಳದಿ ಗ್ಲಾಸು ಕೇಳಲು ಹೋದವನು

ಮೆಕ್ಕೆಜೋಳದ ಬೀಜ ಇಳಿಸಿ ರಾತ್ರಿ ಸೊರಬದಿಂದ ಶಿಕಾರಿಪುರಕ್ಕೆ ಬರುವಾಗ, ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದು ವ್ಯಾನನ್ನು ಗದ್ದೆಗೇ ಇಳಿಸಿಬಿಟ್ಟೆ. ಪುಣ್ಯಕ್ಕೆ ಗಾಡಿ ಮಗುಚಲಿಲ್ಲ. ಮರುದಿನವೇ ಕನ್ನಡಕದಂಗಡಿಗೆ ಓಡಿದೆ.

“ರಾತ್ರಿ ಓಡಿಸೋಕೆ ಹಳದಿ ಗ್ಲಾಸು ಕೊಡ್ರೀ ಮೇಡಂ. ಡ್ರೈವರ್‌ಗಳೆಲ್ಲ ಅದನ್ನೇ ಹಾಕ್ತಾರೆ.”

ಅಂಗಡಿಯಾಕೆ ನನ್ನ ಹಳೇ ಕನ್ನಡಕವನ್ನು ಬೆಳಕಿಗೆ ಹಿಡಿದು, “ಇದನ್ನ ಯಾವುದರಲ್ಲಿ ಒರೆಸ್ತೀರಿ?” ಎಂದರು.

“ಲುಂಗೀಲಿ.”

“ಗೀರು ನೋಡಿದ್ರೇ ಗೊತ್ತಾಗುತ್ತೆ ಬಿಡ್ರೀ. ಹಳದಿ ಹಾಕಿದ್ರೆ ಇರೋ ಬೆಳಕೂ ಕಮ್ಮಿ ಆಗುತ್ತೆ. ಮೊದಲು ನಂಬರ್ ನೋಡೋಣ.”

ನಂಬರ್ ಬದಲಾಗಿತ್ತು. ಆ್ಯಂಟಿ-ಗ್ಲೇರ್ ಕೋಟಿಂಗ್ ಇರುವ ಬಿಳಿ ಗ್ಲಾಸೇ ಸಾಕೆಂದರು. ಒರೆಸಲು ಒಂದು ಬಟ್ಟೆಯನ್ನೂ ಕೊಟ್ಟು, ಲುಂಗಿ ಮುಟ್ಟಿಸಬೇಡಿ ಎಂದು ಎಚ್ಚರಿಸಿದರು.

ಹೊಸ ಕನ್ನಡಕ ಹಾಕಿದ ಮೊದಲ ರಾತ್ರಿ ರಸ್ತೆ ತೊಳೆದಿಟ್ಟ ಹಾಗೆ ಕಂಡಿತು. ಹೊಸಬಾಳೆಯ ಹತ್ತಿರದ ತಿರುವಿನಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ದಿನಾ ನಿಂತಿರುತ್ತಿದ್ದರು. ಎರಡು ವರ್ಷದಿಂದ ನಾನು ಅವರಿಗೆ ಕೈಯೆತ್ತಿ ನಮಸ್ಕಾರ ಮಾಡಿಯೇ ಮುಂದೆ ಹೋಗುತ್ತಿದ್ದೆ. ಅಂದು ನೋಡಿದರೆ, ಅದು ಸುಣ್ಣ ಬಳಿದ ಕಲ್ಲುಕಂಬ. ಪರಿಚಯ ಹಳೆಯದು ನೋಡಿ, ಈಗಲೂ ಕೈಯೆತ್ತುತ್ತೇನೆ.