ಭಾಗಪ್ಪ ಕೊಯ್ದ ಹವಳ

ಇಟ್ಟಂಗಿಹಾಳದ ಭಾಗಪ್ಪ ಮೂವತ್ತೆಂಟು ವರ್ಷದಿಂದ ಕಲ್ಲು ಕೊಯ್ಯುವವನು. ತಿಕೋಟಾ ರಸ್ತೆಯ ಅವನ ಶೆಡ್ಡಿನಿಂದ ಹೊಳಪಿಲ್ಲದ ಕಲ್ಲು ಹೊರಗೆ ಹೋದದ್ದೇ ಇಲ್ಲ. ಸಾಹುಕಾರರ ಮೆಟ್ಟಿಲಾಗಲಿ, ಬಡವರ ಅಡುಗೆಕಟ್ಟೆಯಾಗಲಿ, ಕೊನೆಗೆ ಆಸಿಡ್ ಪುಡಿ ಹಚ್ಚಿ ಉಜ್ಜಲೇಬೇಕು. ಎಂಥ ಹಟಮಾರಿ ಅಂತೀರಿ! ಬೇಡವೆಂದ ಗಿರಾಕಿಯ ಕಲ್ಲನ್ನೂ ಉಜ್ಜಿಯೇ ಕಳಿಸಿದವನು.

ಅಂಥವನ ಮುಂದೆ ಜಲನಗರದ ಆಮ್ರಪಾಲಿ ಒಂದು ಬೆಳಿಗ್ಗೆ ಅರಿವೆ ಸುತ್ತಿದ ಹವಳದ ತುಂಡನ್ನಿಟ್ಟಳು. ಅವನ ಗೆಳೆಯನ ಮಗಳು; ಗೋವಾದಲ್ಲಿ ಸಮುದ್ರದ ಸಂಶೋಧನೆ ಮಾಡುತ್ತಿದ್ದಳು. ಅಲ್ಲಿಯ ಕೊಯ್ಯುವ ಯಂತ್ರ ಕೆಟ್ಟು ಕೂತಿತ್ತು. ಮುಂದಿನ ತಿಂಗಳು ಪ್ರಬಂಧ ಒಪ್ಪಿಸದಿದ್ದರೆ ನಾಲ್ಕು ವರ್ಷದ ದುಡಿತ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಕಾಕಾ, ಇದು ಸಮುದ್ರದ ಸಣ್ಣ ಜೀವಗಳ ಎಲುಬು. ವರ್ಷಕ್ಕೊಂದು ಗೆರಿ. ನಾವು ಬಿಟ್ಟ ಹೊಗಿ ಸಮುದ್ರ ಎಷ್ಟು ಕುಡದೈತಿ ಅನ್ನೂದು ಈ ಗೆರಿ ಪರೀಕ್ಷೆ ಮಾಡಿದ್ರ ತಿಳೀತೈತಿ. ಈ ಹವಳ ಸಮುದ್ರದ ನೀರು ಬಿಸಿಯಾಗಿ ಸತ್ತೈತಿ, ಇನ್ನೊಂದು ಸಿಗೂದಿಲ್ಲ. ನೀರು ಬಿಟ್ಟು ಏನೂ ಹಚ್ಚಬ್ಯಾಡ್ರಿ, ಪರೀಕ್ಷೆ ಕೆಡತೈತಿ."

"ಬೋರಿನ ನೀರೂ ಬ್ಯಾಡವ್ವಾ, ಸುಣ್ಣ ಭಾಳ ಐತಿ" ಎಂದು ಅವನೇ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನು ತರಿಸಿದ.

ತಿರುಗುವ ಗರಗಸದ ಚಕ್ರಕ್ಕೆ ಹವಳವನ್ನು ಕೂದಲೆಳೆಯಷ್ಟೇ ತಳ್ಳುತ್ತ ಹೋದ. ಹವಳ ಎರಡು ಹೋಳಾಯಿತು. ಒಂದರ ತುಂಬ ಹುಳು ಕೊರೆದ ತೂತು. ಅದು ಕೆಲಸಕ್ಕೆ ಬಾರದು. ಇನ್ನೊಂದರಲ್ಲಿ ಗೆರೆಗಳು ನಿಚ್ಚಳವಾಗಿದ್ದವು. ಆಮ್ರಪಾಲಿ ಖುಷಿಯಿಂದ ತನ್ನ ಮೇಷ್ಟ್ರಿಗೆ ಫೋನು ಹಚ್ಚಲು ಹೊರಗೆ ಹೋದಳು.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಕಸುಬಿನ ಗುಣವೂ ಹಾಗೇ. ಭಾಗಪ್ಪ ಆ ಒಳ್ಳೆಯ ಹೋಳಿನ ಗೆರೆ ಎಣಿಸುತ್ತ ಮೈಮರೆತಿದ್ದ. ಕೈ ತನ್ನಷ್ಟಕ್ಕೆ ತಾನೇ ಪುಡಿಯ ಅರಿವೆ ಎತ್ತಿಕೊಂಡಿತ್ತು. ಎರಡು ಸಲ ಉಜ್ಜಿದ ಮೇಲೆ ಸಣ್ಣ ನೊರೆ ಕಂಡಿತು. ಛೇ, ಮುಪ್ಪಿನ ಕಾಲಕ್ಕೆ ಇದೆಂಥ ಬುದ್ಧಿಗೇಡಿ ಕೆಲಸ!

ಗಡಬಡಿಸಿ ತೊಳೆದ. ಹೋಳು ಮೊದಲಿಗಿಂತ ಚೆಂದ ಮಿಂಚುತ್ತಿತ್ತು. ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯದು. ಹುಡುಗಿ ಕೆಟ್ಟ ಕಲ್ಲನ್ನು ನಂಬಿ ಸುಳ್ಳು ಬರೆಯುತ್ತಾಳೆ, ಅಷ್ಟೇ. ಆ 'ಅಷ್ಟೇ'ಯನ್ನು ನುಂಗಲಾರದೆ, ಫೋನು ಮುಗಿಸಿ ಒಳಗೆ ಬಂದ ಆಮ್ರಪಾಲಿಯ ಮುಂದೆ ಹೋಳನ್ನಿಟ್ಟ.

"ಯವ್ವಾ, ನಾ ಹಾಳ ಮಾಡೇನಿ. ಆಸಿಡ್ ಹಚ್ಚೇನಿ."

ಅವಳು ನೆಲದ ಮೇಲೇ ಕುಸಿದಳು. "ಬಡಕೊಂಡು ಹೇಳಿದ್ನಲ್ಲಾ ಕಾಕಾ!" ಎಂದು ಗಟ್ಟಿಯಾಗಿ ಅತ್ತಳು. ಬಹಳ ಹೊತ್ತಿನ ಮೇಲೆ ಎದ್ದು ಹೋಳಿನ ದಪ್ಪ ಅಳೆದಳು. ಎರಡು ಬೆರಳಿನಷ್ಟಿತ್ತು.

"ಮ್ಯಾಲಿಂದು ಒಂದು ಬೆರಳು ಕೊಯ್ದು ತಗದ್ರ ಒಳಗಿಂದು ಉಳೀತೈತಿ. ಒಡೀತಂದ್ರ ಎಲ್ಲಾ ಮುಗೀತು."

ಭಾಗಪ್ಪ ಯಂತ್ರದಿಂದ ಹಿಂದೆ ಸರಿದ. "ಬಬಲೇಶ್ವರದಾಗ ಸಿದ್ದರಾಮ ಅಂತ ಅದಾನ, ಅವನೂ ಕಲ್ಲು ಕೊಯ್ಯಾಂವ. ಅವನ ಕಡೆ ಒಯ್ಯವ್ವಾ, ಕೈ ಗಟ್ಟಿ ಐತಿ."

"ಅವರ ಕೈ ತಪ್ಪಿದ್ರ ನನಗ ಹೇಳ್ತಾರೇನ್ರಿ?" ಕಣ್ಣೀರು ಒರೆಸಿಕೊಳ್ಳದೆಯೇ ಅವಳು ಹವಳವನ್ನು ಅವನ ಕೈಗಿಟ್ಟಳು. "ನೀವ ಕೊಯ್ರಿ."