ಹಂಪಿಯಲ್ಲಿ ಬಿಟ್ಟ ಚಪ್ಪಲಿ

ಹಂಪಿಗೆ ನಾನು ಹೋದದ್ದು ಒಂದೇ ಸಲ, ಅದೂ ಬೆಂಗಳೂರು ಜಯನಗರದ ನಮ್ಮ ಹೈಸ್ಕೂಲಿನಿಂದ ಹೊರಗೆ ಕಾಲಿಡದೆ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಕಂಪನಿಯೊಂದು ಹೆಲ್ಮೆಟ್ಟಿನಂಥ ಯಂತ್ರ ತಂದಿತ್ತು. ತಲೆಗೆ ಹಾಕಿಕೊಂಡರೆ ಹಂಪಿಯಲ್ಲೇ ನಿಂತ ಹಾಗೆ. ಸಮಾಜ ವಿಜ್ಞಾನದ ಮೇಷ್ಟ್ರು ಅಂತ ಮೊದಲು ನಾನೇ ಹಾಕಿಕೊಂಡೆ. ನನಗೆ ಕಂಡದ್ದೆಲ್ಲ ಮಕ್ಕಳಿಗೂ ಪರದೆಯ ಮೇಲೆ ಕಾಣುತ್ತಿತ್ತು. ವಿಠ್ಠಲನ ಗರ್ಭಗುಡಿ ಬಂದದ್ದೇ ತಡ, ಚಪ್ಪಲಿ ಬಿಟ್ಟು ಕೈಮುಗಿದೆ.

"ಸರ್, ಅಲ್ಲಿ ದೇವರ ಮೂರ್ತಿನೇ ಇಲ್ರಿ," ಅಂದಳು ಹಂಪಿ ಪಕ್ಕದ ಹೊಸಪೇಟೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿದ್ದ ನಮ್ಮ ಕ್ಲಾಸಿನ ಹುಡುಗಿ.

ಹನ್ನೆರಡು ವರ್ಷ ಆ ಗುಡಿಯ ಪಾಠ ಮಾಡಿದ್ದೆ.

"ಗೊತ್ತಮ್ಮ, ನಿಮ್ಮನ್ನ ಪರೀಕ್ಷೆ ಮಾಡ್ದೆ," ಅಂದೆ ಗತ್ತಿನಿಂದ. ಕಣ್ಣು ಹಂಪಿಯಲ್ಲೇ ಇತ್ತು, ಕಾಲು ಮಾತ್ರ ಜಯನಗರದ ನೆಲದಲ್ಲಿ ಚಪ್ಪಲಿ ತಡಕುತ್ತಿತ್ತು.

"ಎಡಕ್ಕ ಅದಾವ್ರಿ ಸರ್," ಅಂದಳು. "ಇದೂ ಪರೀಕ್ಷೇನ್ರಿ?"