ಆಫ್ರಿಕಾದ ಕೆಸರು, ಭಾವನ ಸಭಾಭವನ

ಅಟ್ಲಾಂಟಿಕ್ ಸಾಗರದ ತಳದಿಂದ ಉದ್ದನೆಯ ಕೊಳವೆಗಳಲ್ಲಿ ಮೇಲೆತ್ತಿದ ಕೆಸರನ್ನು ಪರೀಕ್ಷಿಸಿ, ಆಫ್ರಿಕಾದಲ್ಲಿ ಸಾವಿರಾರು ವರ್ಷಗಳ ಹಿಂದೆ ಮಳೆ ಹೇಗಿತ್ತೆಂದು ಅಂದಾಜು ಮಾಡುವುದು ನನ್ನ ಕೆಲಸ. ಮಳೆ ಚೆನ್ನಾಗಿದ್ದ ಕಾಲದಲ್ಲಿ ನದಿಗಳು ಸಮುದ್ರಕ್ಕೆ ಮಣ್ಣು ತಂದು ಸುರಿಯುತ್ತವೆ. ಒಣಗಿದ ಕಾಲದಲ್ಲಿ ಮರುಭೂಮಿಯ ಧೂಳು ಗಾಳಿಯಲ್ಲಿ ಬಂದು ಬೀಳುತ್ತದೆ. ಎರಡೂ ಪದರ ಪದರವಾಗಿ ಕೂತಿರುತ್ತವೆ. ಎಲೆಗಳ ಮೇಲಿನ ಮೇಣ ಕೂಡ ಅದರಲ್ಲಿ ಉಳಿದಿರುತ್ತದೆ. ಆ ಗಿಡ ಎಂಥ ಮಳೆ ಕಂಡಿತ್ತೆಂದು ಅದರಿಂದ ತಿಳಿಯಬಹುದು. ಇದನ್ನೆಲ್ಲ ಮೂಡುಬಿದಿರೆಯ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ವಿವರಿಸಿದೆ. ಸಹಾರಾದಲ್ಲಿ ಒಮ್ಮೆ ಹುಲ್ಲುಗಾವಲು, ಕೆರೆ, ಮೊಸಳೆ ಇದ್ದವೆಂದಾಗ ಅಕ್ಕ ಉಣ್ಣುವುದನ್ನೇ ಮರೆತಳು. ಭಾವ ಮೀನಿನ ಮುಳ್ಳು ಬಿಡಿಸುತ್ತ, ಇದಕ್ಕೂ ಸರಕಾರ ಸಂಬಳ ಕೊಡುತ್ತದಾ ಎಂದು ಕೇಳಿದರು.

ಭಾವ ಗಲ್ಫಿನಲ್ಲಿ ಹೋಟೆಲು ನಡೆಸಿ ಬಂದವರು. ತನಗೆ ಗೊತ್ತಿಲ್ಲದ್ದು ಲೋಕಕ್ಕೆ ಬೇಕಾಗಿಯೇ ಇಲ್ಲ ಎಂಬ ನಂಬಿಕೆ ಅವರದು. ಬಂಟ್ವಾಳದಲ್ಲಿ ನೇತ್ರಾವತಿಯ ದಡಕ್ಕೆ ಅಂಟಿಕೊಂಡೇ ಮದುವೆಯ ಸಭಾಭವನ ಕಟ್ಟಿಸುತ್ತಿದ್ದರು. ಮರುದಿನ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು.

ಕಂಬಗಳಿಗೆ ತೆಗೆದ ಗುಂಡಿಗೆ ಇಳಿದು ನೋಡಿದೆ. ಕೆಂಪು ಮಣ್ಣಿನ ನಡುವೆ ಬೂದು ಬಣ್ಣದ ನುಣ್ಣನೆಯ ಪದರಗಳು, ಅವುಗಳಲ್ಲಿ ಕೊಳೆತ ಎಲೆಯ ಚೂರುಗಳು. ನದಿ ಇಲ್ಲಿಗೆ ಹಲವು ಸಲ ಬಂದು ಹೋಗಿದೆ, ಜಾಗ ಬದಲಿಸಿ ಎಂದೆ.

"ಅದು ಆಫ್ರಿಕಾ, ಇದು ಬಂಟ್ವಾಳ ಮಾರಾಯ್ತಿ," ಎಂದರು ಭಾವ. ಕಂಟ್ರಾಕ್ಟರ್ ನಕ್ಕ. ಯಜಮಾನರು ನಕ್ಕಾಗಲೆಲ್ಲ ನಗುವುದೂ ಅವನ ಕೆಲಸದಲ್ಲಿ ಸೇರಿತ್ತೆಂದು ಕಾಣುತ್ತದೆ.

ಉದ್ಘಾಟನೆಗೆ ಅಕ್ಕನ ಒತ್ತಾಯಕ್ಕೆ ಹೋದೆ. ಭಾವ ಮೈಕ್ ಹಿಡಿದು, ನಮ್ಮ ಮನೆಯ ವಿಜ್ಞಾನಿಯೇ ಮಣ್ಣು ಪರೀಕ್ಷಿಸಿ ಜಾಗ ಒಪ್ಪಿದ್ದಾಳೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಎದ್ದು ನಿಂತೆ.

"ನಾನು ಹಾಗೆ ಹೇಳಲಿಲ್ಲ. ಇಲ್ಲಿಗೆ ನೆರೆ ಬರ್ತದೆ ಅಂತ ಹೇಳಿದ್ದೇನೆ."

ಮುಖ್ಯ ಅತಿಥಿ ಶಾಲು ಸರಿಮಾಡಿಕೊಂಡರು. ನಿರೂಪಕ ಊಟ ತಯಾರಿದೆ ಎಂದ. ಎಲ್ಲರೂ ಎದ್ದು ಕೋರಿ ರೊಟ್ಟಿಯ ಕಡೆ ಧಾವಿಸಿದರು. ಅಷ್ಟು ಶಿಸ್ತು ಆ ದಿನ ಬೇರೆಲ್ಲೂ ಕಾಣಲಿಲ್ಲ. ಭಾವ ನನ್ನೊಡನೆ ಮಾತು ಬಿಟ್ಟರು.

ಮುಂದಿನ ಆಟಿ ತಿಂಗಳ ಜಡಿಮಳೆಗೆ ನದಿಯ ನೀರು ವೇದಿಕೆಯವರೆಗೂ ಏರಿತು. ಇಳಿದ ಮೇಲೆ ಅಕ್ಕನೊಂದಿಗೆ ಹೋಗಿ ನೋಡಿದೆ. ಭಾವ ಇಟಲಿಯಿಂದ ತರಿಸಿದೆನೆಂದು ಹೇಳಿಕೊಂಡಿದ್ದ ಅಮೃತಶಿಲೆಯ ನೆಲದ ಮೇಲೆ ಬೂದು ಕೆಸರು, ಕುರ್ಚಿಗಳ ಮೇಲೂ ಅದೇ. ಸಂತೋಷವಾಗಲಿಲ್ಲ, ಕನಿಕರವೂ ಬರಲಿಲ್ಲ. ಪತ್ರಿಕೆಯವರೆದುರು ಭಾವ, ಇದನ್ನು ಯಾರೂ ಊಹಿಸಿರಲಿಲ್ಲ ಎನ್ನುತ್ತಿದ್ದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವರು ನನ್ನತ್ತ ತಿರುಗಲೂ ಇಲ್ಲ.

"ನೀನಾದರೂ ಏನೂ ಹೇಳಬೇಡ," ಎಂದು ಅಕ್ಕ ಮೆಲ್ಲನೆ ಹೇಳಿದಳು.

ಹೇಳಲಿಲ್ಲ. ಆ ಮನುಷ್ಯನಿಗಾಗಿ ಇನ್ನೊಂದು ಮಾತು ಖರ್ಚು ಮಾಡಲು ಮನಸ್ಸಿರಲಿಲ್ಲ. ಸಭಾಭವನ ಈಗ ಬೇಸಗೆಯಲ್ಲಿ ಮಾತ್ರ ತೆರೆಯುತ್ತದೆ. ನದಿಯ ತಂಪುಗಾಳಿಯಲ್ಲಿ ಮದುವೆ ಎಂದು ದೊಡ್ಡ ಫಲಕ ಹಾಕಿಸಿದ್ದಾರಂತೆ. ಬುಕಿಂಗ್ ಚೆನ್ನಾಗಿದೆ ಎಂದು ಅಕ್ಕ ಫೋನಿನಲ್ಲಿ ತಿಳಿಸಿದಳು.